ಬಿಂದಿಗೆಯ ಒಳಗಿನ ಸೊನ್ನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಕನ ಕೆಲಸಕ್ಕೆ ಕಲ್ಲು ಹಾಕಿದವನು ನಾನೇ. ಕಲ್ಲೂ ಅಲ್ಲ, ಉಕ್ಕಿನ ಒಂದು ಗುಂಡು. ಗೋಲಿಯಷ್ಟು ದಪ್ಪ.

ಅದೂ ಕೇಡು ಬಯಸಿ ಅಲ್ಲ, ಸಹಾಯ ಮಾಡಲು ಹೋಗಿ. (ಕೇಡು ಬಯಸಿದವರಿಂದ ಆದ ಹಾನಿಗಿಂತ ಸಹಾಯಕ್ಕೆ ನಿಂತವರಿಂದ ಆದ ಹಾನಿಯೇ ಜಾಸ್ತಿ. ಅನುಮಾನವಿದ್ದರೆ ಮನೆ ಬದಲಿಸುವ ದಿನ ಬೀರು ಹೊರುವವರ ಹಿಂದೆ ನಿಂತು 'ಇನ್ನೊಂಚೂರು ಬಲಕ್ಕೆ' ಎನ್ನುವ ಮಹಾನುಭಾವರನ್ನು ನೆನಪಿಸಿಕೊಳ್ಳಿ.)

ನನ್ನ ಹೊಟ್ಟೆಪಾಡು ಮಿಮಿಕ್ರಿ ಅನ್ನುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಬೀಗರ ಔತಣ, ಗಣೇಶನ ಪೆಂಡಾಲು, ಬಡಾವಣೆಯ ರಾಜ್ಯೋತ್ಸವ, ಎಲ್ಲಿ ಕರೆದರೂ ಹೋಗಿ ಇನ್ನೊಬ್ಬರ ದನಿಯಲ್ಲಿ ಮಾತಾಡಿ ಬರುತ್ತೇನೆ. ಸೊಪ್ಪು ಮಾರುವ ಅಜ್ಜಿ, ಸಿಟಿ ಬಸ್ಸಿನ ಕಂಡಕ್ಟರು, ಪಕ್ಕದ ಮನೆಯ ಪ್ರೆಶರ್ ಕುಕ್ಕರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಓನರ್ ಎಲ್ಲಿ ಎಂದು ಕೇಳಬೇಡಿ. ನಾನೂ ಹುಡುಕುತ್ತಿದ್ದೇನೆ.

ಭಾಗ್ಯಕ್ಕ ಹಾಗಲ್ಲ. ಒಂದೇ ದನಿ, ಒಂದೇ ಮಾತು. ಶ್ರೀರಾಂಪುರದ ಕಡೆ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ. ಆರು ವರ್ಷದಿಂದ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಸೇರಿಸಿಕೊಳ್ಳುತ್ತಾರೆ, ಪ್ರತಿ ಮಾರ್ಚ್‌ನಲ್ಲಿ ಕೈಮುಗಿದು ಕಳಿಸುತ್ತಾರೆ. ಏಪ್ರಿಲ್ ಮೇ ಎರಡು ತಿಂಗಳು ಆಕೆ ಮನೆಯಲ್ಲಿ ನನ್ನನ್ನು ತಿದ್ದುತ್ತಾಳೆ. ಹಾಗಾಗಿ ಆಕೆಯ ಕೆಲಸ ಪರ್ಮನೆಂಟ್ ಆಗಲಿ ಎಂಬ ಆಸೆ ಆಕೆಗಿಂತ ನನಗೇ ಹೆಚ್ಚು.

ಈ ಸಲ ಒಂದು ಪರ್ಮನೆಂಟ್ ಪೋಸ್ಟ್ ಬಂತು. ಇಬ್ಬರು ಅಭ್ಯರ್ಥಿಗಳು. ಇಬ್ಬರೂ ಮಕ್ಕಳ ಎದುರು ಒಂದೊಂದು ಡೆಮೊ ಕ್ಲಾಸ್ ಮಾಡಬೇಕು, ಆಡಳಿತ ಮಂಡಳಿ ಹಿಂದೆ ಕೂತು ನೋಡುತ್ತದೆ. ಮೊದಲ ದಿನ ಮಾಡಿದ ಇನ್ನೊಬ್ಬರು ಬಣ್ಣ ಬಣ್ಣದ ಸ್ಲೈಡ್ ತೋರಿಸಿ, ಸ್ಲೈಡ್ ನಡುವೆ ಮ್ಯೂಸಿಕ್ ಕೂಡ ಹಾಕಿ ಹೋಗಿದ್ದರಂತೆ.

"ನೀನೇನು ತೋರಿಸ್ತೀಯಾ?" ಎಂದೆ.

"ಬಿಂದಿಗೆ" ಎಂದಳು.

ಅಕ್ಕನದು ಒಂದು ಹಟ. ಮಕ್ಕಳ ಮನೆಯಲ್ಲಿರುವ ಸಾಮಾನಿನಲ್ಲೇ ಪಾಠ ಮಾಡಬೇಕು, ಮೊದಲು ತೋರಿಸಬೇಕು, ಆಮೇಲೆ ಹೇಳಬೇಕು. ಒಳಗೆ ಪೊಳ್ಳಾದ ಲೋಹದ ವಸ್ತುವಿಗೆ ವಿದ್ಯುತ್ ಚಾರ್ಜ್ ಕೊಟ್ಟರೆ ಅದು ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ಆಕೆಯ ಪಾಠ. ಕಾಲೇಜಿನ ಬೀರುವಿನಲ್ಲಿ ಅದಕ್ಕೆಂದೇ ಹೊಳೆಯುವ ಉಪಕರಣ ಇತ್ತು. ಅಕ್ಕನಿಗೆ ಅವ್ವನ ತಾಮ್ರದ ಬಿಂದಿಗೆಯೇ ಬೇಕಿತ್ತು.

ಅದು ಇಲವಾಲದ ತವರಿನಿಂದ ಅವ್ವನ ಮದುವೆಗೆ ಬಂದ ಬಿಂದಿಗೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಅದರಲ್ಲಿ ಮುಖ ನೋಡಿಕೊಂಡು ಶೇವ್ ಮಾಡಬಹುದು. (ಮಾಡಿದ್ದೇನೆ. ಬೈಸಿಕೊಂಡಿದ್ದೇನೆ.)

"ಅದ್ರೊಳಗೆ ಏನ್ ಹಾಕ್ತೀರಾ?" ಅವ್ವ ವಿಚಾರಣೆ ಶುರು ಮಾಡಿದಳು.

"ಏನೂ ಇಲ್ಲ ಕಣವ್ವ. ಒಳಗೆ ಏನೂ ಇರಲ್ಲ ಅಂತ ತೋರ್ಸೋದೇ ಪಾಠ" ಎಂದಳು ಅಕ್ಕ.

"ಏನೂ ಇಲ್ದೇ ಇರೋದ ತೋರ್ಸಕ್ಕೆ ನನ್ ಬಿಂದ್ಗೇನೇ ಆಗ್ಬೇಕಾ? ನಿನ್ ತಮ್ಮನ್ ತಲೆ ಅದಲ್ಲ!"

ಇಂಥ ಮನೆಯಲ್ಲಿ ಬೆಳೆದವನು ಮಿಮಿಕ್ರಿ ಮಾಡದೆ ಇನ್ನೇನು ಮಾಡಬೇಕು ಹೇಳಿ?

ಅಂತೂ ಬಿಂದಿಗೆ ಸಿಕ್ಕಿತು. ಉಳಿದ ಸಾಮಾನೂ ಬಂತು. ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡು. ಅದನ್ನು ಉಜ್ಜಿ ಚಾರ್ಜ್ ಬರಿಸಲು ತಾತನ ಕಂಬಳಿ. ಬಿಂದಿಗೆ ಕೂರಿಸಲು ಥರ್ಮಾಕೋಲು, ಇಲ್ಲದಿದ್ದರೆ ಚಾರ್ಜ್ ಮೇಜಿಗೆ ಇಳಿದುಹೋಗುತ್ತದಂತೆ. ಪ್ಲಾಸ್ಟಿಕ್ ಪೆನ್ನಿನ ತುದಿಗೆ ಅಂಟಿಸಿದ ಉಕ್ಕಿನ ಗುಂಡು, ಅಂದರೆ ಚಾರ್ಜನ್ನು ಮೊಗೆದು ತರುವ ಸೌಟು. ಮತ್ತೆ ಒಂದು ಉಪ್ಪಿನಕಾಯಿ ಬಾಟಲು. ಅದರ ಮುಚ್ಚಳದಿಂದ ಒಳಕ್ಕೆ ಒಂದು ತಂತಿ, ತಂತಿಯ ತುದಿಯಲ್ಲಿ ತೆಳು ಅಲ್ಯುಮಿನಿಯಂ ಹಾಳೆಯ ಎರಡು ಪಟ್ಟಿ. ಗುಂಡಿನಲ್ಲಿ ಚಾರ್ಜ್ ಇದ್ದರೆ ತಂತಿಗೆ ಮುಟ್ಟಿಸಿದ ಕೂಡಲೇ ಪಟ್ಟಿಗಳು ಜಗಳವಾಡಿದ ಓರಗಿತ್ತಿಯರಂತೆ ಆಚೆ ಈಚೆ ಸರಿಯುತ್ತವೆ. ಇಲ್ಲದಿದ್ದರೆ ಸುಮ್ಮನೆ ಜೋತಾಡುತ್ತವೆ. ಅಷ್ಟೇ ಮೆಶೀನು.

ಗುಂಡು ಹಿಡಿಯುವವನು ನಾನು. ಲ್ಯಾಬ್ ಅಟೆಂಡರ್ ರಜೆಯಲ್ಲಿದ್ದ. ಅಕ್ಕ ಒಂದೇ ಕಂಡಿಷನ್ ಹಾಕಿದಳು.

"ಬಾಯಿ ಬಿಡಬೇಡ."

ಒಪ್ಪಿದೆ. ಹಿಂದಿನ ಸಂಜೆ ರಿಹರ್ಸಲ್ ಆಯಿತು. ಪೈಪ್ ಉಜ್ಜಿದಳು, ಬಿಂದಿಗೆಗೆ ಸವರಿದಳು, ಚಟಪಟ ಸದ್ದಾಯಿತು. ನಾನು ಗುಂಡನ್ನು ಬಿಂದಿಗೆಯ ಹೊರಮೈಗೆ ಮುಟ್ಟಿಸಿ ಬಾಟಲಿಗೆ ತಂದೆ. ಪಟ್ಟಿಗಳು ಪಟ್ಟನೆ ಅಗಲಿದವು. ನಾನೇ ಶಿಳ್ಳೆ ಹಾಕಿದೆ. ಅಷ್ಟರಲ್ಲಿ ಫೋನ್ ಬಂತು. ಹೂಟಗಳ್ಳಿಯಲ್ಲಿ ಒಂದು ನಾಮಕರಣ, ಬರಬೇಕಿದ್ದ ಮಿಮಿಕ್ರಿಯವನ ಗಂಟಲು ಕಟ್ಟಿದೆ, ಬಾ ಅಂತ.

"ಇನ್ನೂ ಅರ್ಧ ಇದೆ ಕಣೋ. ಮುಖ್ಯವಾದದ್ದೇ ಉಳಿದಿರೋದು."

"ನನಗೆ ಅರ್ಧ ಸಾಕಕ್ಕ. ಮಿಕ್ಕಿದ್ದು ಸ್ಟೇಜ್ ಮೇಲೆ ನೋಡ್ಕೋತೀನಿ" ಎಂದು ಬೈಕ್ ಹತ್ತಿದೆ. ನನ್ನ ಇಪ್ಪತ್ತೇಳು ವರ್ಷದ ಜೀವನವನ್ನು ಒಂದೇ ವಾಕ್ಯದಲ್ಲಿ ಹೇಳಿ ಎಂದರೆ ಈ ವಾಕ್ಯವನ್ನೇ ಕೊಡುತ್ತೇನೆ.

ಮರುದಿನ ಕ್ಲಾಸು. ತುಟಿ ಒಡೆಯುವಂಥ ಒಣ ಜನವರಿ, ಇಂಥ ಪ್ರಯೋಗಕ್ಕೆ ಹೇಳಿ ಮಾಡಿಸಿದ ಹವೆ. ಬೆಂಚುಗಳ ತುಂಬ ಸೆಕೆಂಡ್ ಪಿಯು ಮಕ್ಕಳು. ಹಿಂದೆ ಮೂರು ಕುರ್ಚಿ. ಒಂದರಲ್ಲಿ ಪ್ರಿನ್ಸಿಪಾಲರು. ಇನ್ನೊಂದರಲ್ಲಿ ಹೊರಗಿನಿಂದ ಕರೆಸಿದ ನಿವೃತ್ತ ಫಿಸಿಕ್ಸ್ ಮೇಷ್ಟ್ರು, ಇಡೀ ಹೊತ್ತು ಕನ್ನಡಕ ಒರೆಸುತ್ತಲೇ ಇದ್ದರು. ನಡುವಿನ ದೊಡ್ಡ ಕುರ್ಚಿಯಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳು.

ಕಾರ್ಯದರ್ಶಿಗಳ ಬಗ್ಗೆ ಸ್ವಲ್ಪ ಹೇಳಬೇಕು. ಕಾರಿಡಾರಿನಲ್ಲಿ ಎರಡೇ ನಿಮಿಷ ಅವರ ಮಾತು ಕೇಳಿದೆ, ನನ್ನ ಗಂಟಲಿಗೆ ಹಬ್ಬ. ಮೂಗಿನಿಂದ ಹೊರಡುವ ದಪ್ಪ ದನಿ. ಪ್ರಶ್ನೆ ಅವರದೇ, ಉತ್ತರವೂ ಅವರದೇ. "ಕಾಲೇಜು ಅಂದ್ರೆ ಶಿಸ್ತು. ಏನಂತೀರಿ? ಹೌದಂತೀರಿ." ಎದುರಿಗಿದ್ದವರು ಬಾಯಿ ತೆರೆಯುವಷ್ಟರಲ್ಲಿ ಅವರ ಪರವಾಗಿ ಒಪ್ಪಿಯೂ ಆಗಿರುತ್ತಿತ್ತು. ಟಾಯ್ಲೆಟ್ಟಿಗೆ ಹೋಗಿ ಕನ್ನಡಿ ಮುಂದೆ ನಾಲ್ಕು ಸಲ ಪ್ರಾಕ್ಟೀಸ್ ಮಾಡಿದೆ. ಐದನೇ ಸಲಕ್ಕೆ ಕನ್ನಡಿಯೇ ಎದ್ದು ನಿಂತು ನಮಸ್ಕಾರ ಮಾಡುವಂತಿತ್ತು.

ಕ್ಲಾಸ್ ಶುರುವಾಯಿತು. ಅಕ್ಕ ಏನನ್ನೂ ವಿವರಿಸಲಿಲ್ಲ. ಪೈಪ್ ಉಜ್ಜಿ ಬಿಂದಿಗೆಗೆ ಸವರಿ, "ಹೊರಗೆ ಮುಟ್ಟಿಸು" ಎಂದಳು. ಮುಟ್ಟಿಸಿದೆ. ಬಾಟಲಿಗೆ ತಂದೆ. ಪಟ್ಟಿಗಳು ಅಗಲಿದವು. ಮಕ್ಕಳು 'ಹೋ' ಎಂದು ಚಪ್ಪಾಳೆ ತಟ್ಟಿದರು. ನಾನು ಅಭ್ಯಾಸಬಲದಿಂದ ಬಗ್ಗಿ ನಮಸ್ಕರಿಸಿದೆ.

ಅಕ್ಕ ತಂತಿಗೂ ಗುಂಡಿಗೂ ಬೆರಳು ಮುಟ್ಟಿಸಿ ಉಳಿದ ಚಾರ್ಜ್ ಇಳಿಸಿದಳು, ಪಟ್ಟಿಗಳು ಮತ್ತೆ ಜೋತುಬಿದ್ದವು. "ಈಗ ಒಳಗೆ" ಎಂದಳು.

ಗುಂಡನ್ನು ಬಿಂದಿಗೆಯ ಬಾಯೊಳಗೆ ಇಳಿಸಿ ತಳಕ್ಕೆ ಮುಟ್ಟಿಸಿ ಹುಷಾರಾಗಿ ಎತ್ತಿ ಬಾಟಲಿಗೆ ತಂದೆ.

ಏನೂ ಆಗಲಿಲ್ಲ.

ಪಟ್ಟಿಗಳು ಸರ್ಕಾರಿ ಕಚೇರಿಯ ಊಟದ ಹೊತ್ತಿನಂತೆ ತೆಪ್ಪಗಿದ್ದವು. ಇಡೀ ಕ್ಲಾಸು ನಿಶ್ಶಬ್ದ. ಸ್ಟೇಜ್ ಮೇಲೆ ನಿಂತವನಿಗೆ ಈ ನಿಶ್ಶಬ್ದದ ಅರ್ಥ ಒಂದೇ. ಜೋಕು ಸತ್ತಿದೆ, ಹೆಣ ಎತ್ತಬೇಕು.

ಕಾರ್ಯದರ್ಶಿಗಳು ಹುಬ್ಬು ಗಂಟಿಕ್ಕಿದರು. ಆರು ವರ್ಷದ ತಾತ್ಕಾಲಿಕ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅಕ್ಕ, "ಇನ್ನೊಂದ್ಸಲ ಮಾಡು" ಎಂದು ಹೇಳಿ ಬೋರ್ಡಿನ ಕಡೆ ತಿರುಗಿದಳು.

ಆ 'ಇನ್ನೊಂದ್ಸಲ'ದಲ್ಲಿ ನನಗೆ ಕೇಳಿಸಿದ್ದೇನು ಗೊತ್ತೇ? 'ತಮ್ಮಾ, ಕಾಪಾಡೋ.'

ಕಾಪಾಡಿದೆ. ಗುಂಡನ್ನು ಒಳಗೆ ಇಳಿಸಿದೆ, ಎತ್ತಿದೆ, ಬಾಟಲಿಗೆ ತರುವ ದಾರಿಯಲ್ಲಿ ಬಿಂದಿಗೆಯ ಹೊಟ್ಟೆಗೆ ಒಂದು ಸಲ, ಮೆಲ್ಲಗೆ, ಮದುವೆ ಮನೆಯಲ್ಲಿ ಎರಡನೇ ಹೋಳಿಗೆ ಎಗರಿಸುವ ನಾಜೂಕಿನಲ್ಲಿ, ತಾಗಿಸಿಕೊಂಡು ಬಂದೆ. ಪಟ್ಟಿಗಳು ಠಕ್ಕನೆ ಅಗಲಿದವು. ಚಪ್ಪಾಳೆಯೋ ಚಪ್ಪಾಳೆ. ಅಕ್ಕನಿಗೆ ಹೆಬ್ಬೆರಳು ಎತ್ತಿ ತೋರಿಸಿದೆ.

ಅಕ್ಕ ಬೋರ್ಡಿನಿಂದ ತಿರುಗಿದಳು. ಅವಳ ಹಿಂದೆ ದೊಡ್ಡಕ್ಷರದಲ್ಲಿ ಬರೆದಿತ್ತು:

ಹೊರಗೆ: ಚಾರ್ಜ್ ಇದೆ. ಒಳಗೆ: ಸೊನ್ನೆ.

ಅವ್ವನಿಗೆ ಅಕ್ಕ ಹೇಳಿದ್ದು ನನಗೆ ಆಗ ಅರ್ಥವಾಯಿತು. ಏನೂ ಆಗದಿರುವುದೇ ಆಗಬೇಕಾಗಿದ್ದದ್ದು. ಆ ಸೊನ್ನೆಯೇ ಹೀರೋ. ಹೀರೋ ಎಂಟ್ರಿ ಕೊಟ್ಟಾಗ ನಾನು ಅವನನ್ನು ಪರದೆ ಪಕ್ಕದ ವಿಂಗಿನೊಳಕ್ಕೆ ತಳ್ಳಿ, ನಾನೇ ಬಂದು ಕುಣಿದಿದ್ದೆ.

"ಏನ್ ಮೇಡಂ" ಕಾರ್ಯದರ್ಶಿಗಳ ಮೂಗು ಮಾತಾಡಿತು. "ಬೋರ್ಡಲ್ಲಿ ಸೊನ್ನೆ, ಬಾಟಲಲ್ಲಿ ಚಾರ್ಜು. ಮಕ್ಕಳು ಯಾವುದನ್ನ ನಂಬಬೇಕು? ಕಣ್ಣಲ್ಲಿ ಕಂಡದ್ದನ್ನ ನಂಬಬೇಕು. ಏನಂತೀರಿ? ಹೌದಂತೀರಿ."

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಬೂದಿಯಾಗುತ್ತಿದ್ದೆ, ಈ ಅಂಕಣವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಆಕೆ ಬೋರ್ಡಿನ ಸೊನ್ನೆಯನ್ನು ಒರೆಸಿದಳು. ಆ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಮಕ್ಕಳ ಕಡೆ ತಿರುಗಿದಳು.

"ಮೊದಲನೇ ಸಲ ಇರಲಿಲ್ಲ. ಎರಡನೇ ಸಲ ಬಂತು. ಅದೇ ಬಿಂದಿಗೆ, ಅದೇ ಗುಂಡು. ಏನು ಬದಲಾಯ್ತು? ಯಾರು ಸರಿಯಾಗಿ ನೋಡಿದ್ರಿ?"

ಮಕ್ಕಳು ಎದ್ದು ಕೂತರು. ಒಬ್ಬ, "ಬಾಟಲಲ್ಲಿ ಮೊದಲಿಂದೇ ಚಾರ್ಜ್ ಉಳಿದಿತ್ತು ಮ್ಯಾಮ್" ಎಂದ. ಇನ್ನೊಬ್ಬ, "ತಳಕ್ಕೆ ಸರಿಯಾಗಿ ಮುಟ್ಟಿರಲಿಲ್ಲ" ಎಂದ. ಕೊನೆಯ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು.

"ಮ್ಯಾಮ್, ಆ ಅಂಕಲ್ ಬರ್ತಾ ದಾರೀಲಿ ಹೊರಗಡೆ ಮುಟ್ಟಿಸ್ಕೊಂಡು ಬಂದ್ರು."

ಎರಡು ಪೆಟ್ಟು ಒಟ್ಟಿಗೆ ಬಿತ್ತು. ಕಳ್ಳತನ ಸಿಕ್ಕಿಬಿದ್ದದ್ದು ಒಂದು. 'ಅಂಕಲ್' ಇನ್ನೊಂದು. ಮೊದಲನೆಯದನ್ನು ಕ್ಷಮಿಸಿದ್ದೇನೆ.

ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಹೌದಾ?"

ನಲವತ್ತು ಮಕ್ಕಳು, ಮೂರು ಕುರ್ಚಿ, ಒಬ್ಬಳು ಅಕ್ಕ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ತಪ್ಪು ಒಪ್ಪಿಕೊಳ್ಳಲೇಬೇಕು ಎಂದು ಬಾಯಿ ತೆರೆದೆ. ಗಾಬರಿಯಲ್ಲಿ ಸ್ವಂತ ದನಿ ಕೈಗೆ ಸಿಗಲಿಲ್ಲ. ಮೇಲುಗಡೆ ಯಾವುದಿತ್ತೋ ಅದೇ ಬಂತು.

"ತಪ್ಪು ನನ್ನದೇ. ಏನಂತೀರಿ? ಹೌದಂತೀರಿ."

ಮೂಗು ಸಮೇತ.

ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಪ್ರಿನ್ಸಿಪಾಲರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಕರವಸ್ತ್ರದೊಳಗೆ ಮುಖ ಹುದುಗಿಸಿದರು. ಕಾರ್ಯದರ್ಶಿಗಳ ಮುಖ ಅವ್ವನ ಬಿಂದಿಗೆಯ ಬಣ್ಣಕ್ಕೆ ತಿರುಗಿತು.

ಅಕ್ಕ ನನ್ನ ಕೈಯಿಂದ ಗುಂಡು ಕಿತ್ತುಕೊಂಡು, ಅದಕ್ಕೂ ತಂತಿಗೂ ಬೆರಳು ಮುಟ್ಟಿಸಿ ಚಾರ್ಜ್ ಇಳಿಸಿದಳು. ಎರಡು ಜಡೆಯ ಹುಡುಗಿಯನ್ನು ಮುಂದಕ್ಕೆ ಕರೆದಳು. "ನೀನು ಮಾಡು. ಒಳಗೆ ಮುಟ್ಟಿಸು. ಬರೋವಾಗ ಎಲ್ಲೂ ತಾಗಿಸಬೇಡ."

ಹುಡುಗಿ ಮಾಡಿದಳು. ಪಟ್ಟಿಗಳು ಸುಮ್ಮನಿದ್ದವು. ಈ ಸಲದ ನಿಶ್ಶಬ್ದ ಬೇರೆ ಥರ ಇತ್ತು, ಅದನ್ನು ನನ್ನ ಜೀವಮಾನದಲ್ಲಿ ಯಾವ ಸ್ಟೇಜಿನಲ್ಲೂ ನಾನು ಸಂಪಾದಿಸಿಲ್ಲ.

"ಈಗ ಆ ಅಂಕಲ್ ಥರ ಮಾಡು." (ಅಕ್ಕಾ, ನೀನೂನಾ?)

ಹುಡುಗಿ ಹೊರಗೆ ತಾಗಿಸಿ ತಂದಳು. ಪಟ್ಟಿಗಳು ಅಗಲಿದವು. ಅಕ್ಕ ಆಗ ಮಾತು ಶುರು ಮಾಡಿದಳು.

"ಸಿಟಿ ಬಸ್ ಹತ್ತಿದ್ದೀರಲ್ಲ? ಒಳಗೆ ಖಾಲಿ ಇರುತ್ತೆ. ಎಲ್ಲರೂ ಬಾಗಿಲಲ್ಲೇ ನೇತಾಡ್ತಿರ್ತಾರೆ. ಎಷ್ಟು ಕೂಗಿದ್ರೂ ಒಳಕ್ಕೆ ಹೋಗಲ್ಲ. ಚಾರ್ಜೂ ಅಷ್ಟೆ. ಒಂದೇ ಜಾತಿ ಚಾರ್ಜುಗಳಿಗೆ ಒಂದನ್ನ ಕಂಡ್ರೆ ಒಂದಕ್ಕೆ ಆಗಲ್ಲ. ಲೋಹದಲ್ಲಿ ಓಡಾಡೋಕೆ ಅಡ್ಡಿ ಇಲ್ಲ. ಎಷ್ಟು ದೂರ ಆಗತ್ತೋ ಅಷ್ಟು ದೂರ ಓಡ್ತವೆ. ಹೊರಮೈ ಬಂತು, ಮುಂದೆ ದಾರಿ ಇಲ್ಲ, ಅಲ್ಲೇ ನಿಲ್ತವೆ. ಒಳಗೆ ಯಾರೂ ಇಲ್ಲ."

ಬಸ್ಸಿನ ವಿಷಯ ಬಂದಾಗ ನನ್ನ ಗಂಟಲಲ್ಲಿ ಕಂಡಕ್ಟರು 'ಒಳಗ್ ನಡೀರೀ' ಎಂದು ಒದೆಯುತ್ತಿದ್ದ. ಹಲ್ಲು ಕಚ್ಚಿ ಹಿಡಿದುಕೊಂಡೆ. ನನ್ನ ಮಟ್ಟಿಗೆ ಇದು ತಪಸ್ಸು.

ಬೆಲ್ ಆಯಿತು. ಕಾರ್ಯದರ್ಶಿಗಳು ಎದ್ದು, ಏನಂತೀರಿ ಎಂದೂ ಕೇಳದೆ ಹೊರಟುಹೋದರು.

ಆಮೇಲೆ ಎಂಟು ದಿನ ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಅಕ್ಕ ನನ್ನೊಡನೆ ನೇರವಾಗಿ ಮಾತಾಡಲಿಲ್ಲ. ನಾನು ಎದುರಿಗೇ ಕೂತಿದ್ದರೂ, "ಅವ್ವ, ಉಪ್ಪಿನಕಾಯಿ ಈ ಕಡೆ ಕೊಡು ಅಂತ ಅವನಿಗೆ ಹೇಳು" ಅನ್ನುತ್ತಿದ್ದಳು. ಅವ್ವನ ಚಿಂತೆಯೇ ಬೇರೆ. ಗಡಿಬಿಡಿಯಲ್ಲಿ ಬಿಂದಿಗೆ ಕಾರ್ಯದರ್ಶಿಗಳ ಕೋಣೆ ಸೇರಿಬಿಟ್ಟಿತ್ತು, ದಿನಾ ಕಾಲೇಜಿಗೆ ಹೋದರೂ ಅಕ್ಕ ಆ ಬಾಗಿಲು ತಟ್ಟಲಿಲ್ಲ.

"ಕೆಲ್ಸ ಹೋದ್ರೆ ಇನ್ನೊಂದು ಸಿಕ್ತದೆ. ನನ್ ಬಿಂದ್ಗೆ ತಂದ್ಬುಡು ಮಂಜ."

ಆ ಎಂಟು ದಿನ ನಾನು ಬೀದಿ ನೋಡುತ್ತಾ ಬಹಳ ಯೋಚಿಸಿದೆ. ಎಲ್ಲಿ ನೋಡಿದರೂ ಬಿಂದಿಗೆಯೇ ಕಂಡಿತು. ಗೃಹಪ್ರವೇಶವೆಂದು ಮನೆಯ ಮುಂದೆಲ್ಲ ಸೀರಿಯಲ್ ಸೆಟ್ ಲೈಟು, ಒಳಗೆ ಗಂಡ ಹೆಂಡತಿ ಮುಖ ಊದಿಸಿಕೊಂಡು ಕೂತಿದ್ದಾರೆ. ಪಕ್ಕದ ರಸ್ತೆಯ ಅಣ್ಣನ ಸ್ಟೇಟಸ್ಸಿನಲ್ಲಿ ಬೆಳಿಗ್ಗೆ ಆರಕ್ಕೇ ಸಿಂಹದ ಫೋಟೋ, ಅಣ್ಣ ಏಳುವುದು ಹತ್ತಕ್ಕೆ. ಇನ್ನು ನಾನು? ಮೈಕ್ ಸಿಕ್ಕರೆ ಮೈತುಂಬ ಚಟಪಟ. ಗುಂಡು ಒಳಗೆ ಬಿಟ್ಟು ನೋಡಿದರೆ ಪಟ್ಟಿ ಅಲ್ಲಾಡುವುದಿಲ್ಲ.

ಇದನ್ನು ಅವ್ವನ ಮೂಲಕ ಅಕ್ಕನಿಗೆ ಹೇಳಿ ಕಳಿಸಿದೆ. ಉತ್ತರವೂ ಅವ್ವನ ಮೂಲಕವೇ ಬಂತು. "ಒಳಗೆ ಸೊನ್ನೆ ಅಂದ್ರೆ ಕೆಟ್ಟದ್ದಲ್ವಂತೆ ಕಣ್ಲಾ. ಸಿಡ್ಲು ಒಡದ್ರೆ ಕಾರೊಳಗೆ ಕೂತೋರಿಗೆ ಏನೂ ಆಗಲ್ಲ, ಅದೂ ಇದ್ರಿಂದ್ಲೇ ಅಂತೆ. ನಿನ್ನೇ ಬಿಂದ್ಗೆಗೆ ಹೋಲಿಸ್ಕೊಂಡು ಬಿಂದ್ಗೆ ಮರ್ವಾದೆ ಕಳೀಬ್ಯಾಡ ಅಂದ್ಲು."

ಒಂಬತ್ತನೇ ದಿನ ಅಕ್ಕ ಕಾಲೇಜಿಗೆ ಹೊರಡುವ ಮೊದಲೇ ಅಲ್ಲಿಂದ ಫೋನ್ ಬಂತು. ಅಕ್ಕ ಕಾರ್ಯದರ್ಶಿಗಳ ಕೋಣೆಗೆ ಬರಬೇಕು. ಜೊತೆಯಲ್ಲಿ 'ಆ ತಮ್ಮನೂ' ಬರಬೇಕು.

ಅಕ್ಕನ ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಕ್ಷಮಾಪಣೆ ಪ್ರಾಕ್ಟೀಸ್ ಮಾಡಿದೆ, ಸ್ವಂತ ದನಿಯಲ್ಲಿ. ನಂಬಿ, ಇಷ್ಟು ಕಷ್ಟದ ಐಟಂ ಇನ್ನೊಂದಿಲ್ಲ.

ಕಾರ್ಯದರ್ಶಿಗಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೇಜಿನ ಮೇಲೆ ಒಂದು ಕವರು. ಮೂಲೆಯಲ್ಲಿ ಅವ್ವನ ಬಿಂದಿಗೆ.

"ಸರ್, ಆವತ್ತು ನನ್ನಿಂದ..." ಎಂದು ಶುರು ಮಾಡಿದೆ.

"ಬಾಗಿಲು ಹಾಕಪ್ಪ" ಎಂದರು. ಹಾಕಿದೆ. "ಈಗ ಇನ್ನೊಂದ್ಸಲ ಮಾಡು."

"ಸರ್?"

"ಆವತ್ತು ಮಾಡಿದ್ಯಲ್ಲ. ಮನೇಲಿ ಹೇಳಿದೆ. ನೀವು ಹಾಗೇ ಮಾತಾಡೋದು ಅಂತಾರೆ ನಮ್ಮನೆಯೋರು. ನಾನು ಹಾಗೆಲ್ಲ ಮಾತಾಡಲ್ಲ. ಏನಂತೀರಿ? ಹೌದಂತೀರಿ."

ಅಕ್ಕನ ಕಡೆ ನೋಡಿದೆ. ಅವಳು ಬಿಂದಿಗೆಯ ಕಡೆ ನೋಡಿದಳು. ಮಾಡಿದೆ. ಕಾರ್ಯದರ್ಶಿಗಳು ಒಂದು ನಿಮಿಷ ಗಂಭೀರವಾಗಿ ಕೇಳಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಕವರನ್ನು ಅಕ್ಕನ ಕಡೆ ಸರಿಸಿದರು.

"ಇದಕ್ಕೂ ಅದಕ್ಕೂ ಸಂಬಂಧ ಇಲ್ಲಮ್ಮ. ಆ ನಿವೃತ್ತ ಮೇಷ್ಟ್ರು ಒಂದೇ ಸಾಲು ಬರೆದುಕೊಟ್ಟಿದಾರೆ. ಪ್ರಯೋಗ ಸರಿ ಬಂದಾಗ ಯಾರು ಬೇಕಾದ್ರೂ ಪಾಠ ಮಾಡ್ತಾರೆ, ಕೆಟ್ಟಾಗ ಮಾಡಿದೋರು ಇವರು ಅಂತ. ಜೂನ್‌ನಿಂದ ನೀವು ಪರ್ಮನೆಂಟು."

ಅಕ್ಕ ಕವರ್ ತೆಗೆದುಕೊಂಡಳು. 'ಥ್ಯಾಂಕ್ಯೂ ಸರ್' ಎಂದು ಎರಡೆರಡು ಸಲ ಹೇಳಿದಳು. ನಾನು ಬಿಂದಿಗೆ ಎತ್ತಿಕೊಂಡು ಅದರ ಹಿಂದೆ ಮುಖ ಮರೆಸಿಕೊಂಡೆ. (ಧೂಳು ಬಿದ್ದಿತ್ತು. ಕಣ್ಣಿಗೆ.)

ಹೊರಗೆ ಬಂದು ಸ್ಕೂಟರ್ ಹತ್ತುವ ಹೊತ್ತಿಗೆ ನನ್ನೊಳಗಿನ ಕಲಾವಿದ ಎಚ್ಚರವಾಗಿದ್ದ. ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಒಪ್ಪಿಸಿದೆ.

"ಅಕ್ಕ, ಯೋಚನೆ ಮಾಡು. ಪ್ರಯೋಗ ಕೆಟ್ಟಾಗ ಪಾಠ ಮಾಡಿದ್ದಕ್ಕೆ ನಿನಗೆ ಕೆಲಸ ಸಿಕ್ತು. ಸರಿಯಾ? ಪ್ರಯೋಗ ಕೆಡಿಸಿದ್ದು ಯಾರು? ನಾನು. ಅಂದ್ರೆ ಈ ಕೆಲಸ ನಿನಗೆ ಕೊಡಿಸಿದ್ದು ಯಾರು?"

ಅಕ್ಕ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. ಎಂಟು ದಿನದ ಮೇಲೆ ಮೊದಲ ಸಲ, ಅವ್ವನ ಮಧ್ಯಸ್ಥಿಕೆಯಿಲ್ಲದೆ, ನೇರವಾಗಿ ನನ್ನ ಮುಖ ನೋಡಿ ಹೇಳಿದಳು:

"ಮತ್ತೆ ಬರ್ತಾ ದಾರೀಲಿ ಹೊರಗಡೆ ಮುಟ್ಟಿಸ್ಕೊಂಡು ಬಂದ್ಯಲ್ಲೋ, ಅಂಕಲ್!"